ಎರಡನೇ ಮಹಡಿಯ ನೀರು

ಮೂರು ಬೇಸಿಗೆ ಜಗಳಾಡಿದೆ ಮೇಲಿನ ಮಾಂಕಡ್ ಬಾಯಿಯ ಜೊತೆ.
ಅವಳ ಏಸಿಯ ನೀರು ನನ್ನ ಕಿಟಕಿಯ ತಗಡಿನ ಮೇಲೆ
ರಾತ್ರಿಯೆಲ್ಲ ಟಪ್, ಟಪ್,
ಯಾರೋ ಕೂತು ಹುಣಸೆಬೀಜ ಎಣಿಸಿದ ಹಾಗೆ,
ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ ಹಾಗೆ.
ಸೊಸೈಟಿಗೆ ಅರ್ಜಿ ಕೊಟ್ಟೆ. ಸೆಕ್ರೆಟರಿ ಓದಿ, ಮಡಚಿ,
ಕಿಸೆಗಿಟ್ಟುಕೊಂಡು, ನನ್ನದೇ ಚಹಾ ಕುಡಿದು ಹೋದ.
ಕೊನೆಗೆ ಬಕೆಟ್ಟು ಇಟ್ಟೆ.

ಜೊಂಡು ಬಂದದ್ದು ಆಮೇಲೆ.
ಭಟ್ವಾಡಿ ತಿರುವಿನ ನರ್ಸರಿಯವ
ಹೆಂಡತಿಯ ನಾಲ್ಕು ಸೀರೆಗೆ ಫಾಲ್ ಹಚ್ಚಿದ ಬಾಕಿಗೆ
ದುಡ್ಡಿನ ಬದಲು ಒಂದು ಬುಡ ಕೊಟ್ಟ. ಉದ್ದ ದಂಟು, ತುದಿಗೆ ಕೊಡೆ:
ಬಟ್ಟೆ ಹಾರಿಹೋಗಿ ಕಡ್ಡಿ ಮಾತ್ರ ಉಳಿದ ಹಸಿರು ಕೊಡೆ.
ಛತ್ರಿ ಗವತ, ಅಂದ.
ನೀರು ಹೆಚ್ಚಾಯಿತು ಎಂದು ಸಾಯುವ ಜಾತಿಯಲ್ಲ ಇದು, ಅಂದ.

ಬೆರಳಲ್ಲಿ ಹೊರಳಿಸಿದೆ. ಮೊಂಡಾದ ಮೂರು ಅಂಚು.
ಅಯ್ಯ, ಇದನ್ನು ನಾನು ಬಲ್ಲೆ.
ಅವ್ವ ಕುರ್ಪಿ ಹಿಡಿದು, ಸಾಲಿನುದ್ದ ಬೈಯುತ್ತ
ಕಿತ್ತೆಸೆದ ಜೇಕಿನ ದಾಯಾದಿ ಇದು.
ಜೇಕಿನ ಗಡ್ಡಿಗೆ ಸಾವಿಲ್ಲ, ನನ್ನ ಟೊಂಕಕ್ಕೆ ಜೀವಿಲ್ಲ
ಎನ್ನುತ್ತಿದ್ದಳು.
ಇದ್ದಿದ್ದರೆ ಈಗ ಕೇಳುತ್ತಿದ್ದಳು:
ನಾಕು ಸೀರಿ ಹೊಲದು, ಕಸಾ ತಂದಿ?

ಒಂದನ್ನು ಎರಡು ಮಾಡುವುದನ್ನೂ ಅವನೇ ಹೇಳಿದ್ದು.
ಕೊಡೆಯ ಕೆಳಗೆ ಎರಡು ಬೆರಳು ದಂಟು ಬಿಟ್ಟು ಕತ್ತರಿಸು.
ಎಲೆಗಳನ್ನು ಅರ್ಧಕ್ಕೆ ಸವರು.
ಆಮೇಲೆ ತಲೆಕೆಳಗು: ನೀರಿಗೆ ತಲೆ, ಗಾಳಿಗೆ ದಂಟು.
ಬಟ್ಟೆಯ ಕತ್ತರಿಯಲ್ಲಿ ಇನ್ನೇನನ್ನೂ ಕತ್ತರಿಸಬಾರದೆಂದು
ಕೆಲಸ ಕಲಿಯಲು ಬಂದ ಹುಡುಗಿಯರ ಕೈಗೆ ಹೊಡೆದವಳು ನಾನು.
ಆ ದಿನ ಅದೇ ಕತ್ತರಿ. ಯಾರೂ ನೋಡಲಿಲ್ಲ.

ಉಪ್ಪಿನಕಾಯಿ ಬಾಟಲಿಯಲ್ಲಿ ಹನ್ನೆರಡನೇ ದಿನ
ಹೊಲಿಗೆ ಬಿಚ್ಚಿದಲ್ಲಿ ಇಣುಕುವ ದಾರದಂತೆ
ಬಿಳಿ ಬೇರು.
ಇಪ್ಪತ್ತಕ್ಕೆ ಚಿಗುರು, ನಟ್ಟನೆ ನೆಟ್ಟಗೆ,
ತಾಯಿ ತಲೆಕೆಳಗಾಗಿ ನಿಂತಿದ್ದಾಳೆಂಬ
ಪರಿವೆಯೇ ಇಲ್ಲದೆ.

ಜುಲೈಯಲ್ಲಿ ಪಾಲಿಕೆಯ ಸುರ್ವೆ ಬಂದ, ಕೈಯಲ್ಲಿ ಟಾರ್ಚು, ಸೌಟು.
ನಿಂತ ನೀರು, ಮೌಶಿ. ಡೆಂಗಿ. ಚೆಲ್ಲಿ.
ದಂಡದ ಪುಸ್ತಕ ತೆಗೆದ.
ನಾನು ಚೆಲ್ಲಲೂ ಇಲ್ಲ, ವಾದಿಸಲೂ ಇಲ್ಲ.
ಅವನ ಪ್ಯಾಂಟಿನ ಬಲಗಾಲ ಅಂಚು ಬಿಚ್ಚಿ
ಕೆಸರಲ್ಲಿ ಎಳೆದಾಡುತ್ತಿತ್ತು. ಕೂತ್ಕೊ, ಅಂದೆ.
ಹನ್ನೊಂದು ಹೊಲಿಗೆ. ದಾರ ಹಲ್ಲಲ್ಲಿ ಕಡಿದೆ.
ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಐದು ಗಪ್ಪಿ ಮೀನು ತಂದು
ಬಕೆಟ್ಟಿಗೆ ಸುರಿದು ಹೋದ,
ಸೊಳ್ಳೆಯ ಮರಿ ಇವುಗಳ ಪಾಲು, ಬಿಸ್ಕತ್ತು ಹಾಕಬೇಡಿ ಎಂದು ಗದರಿಸಿ.

ಈಗ ಬುಡದಲ್ಲಿ ಇಪ್ಪತ್ತಾರು ದಂಟು.
ಹಳದಿಯಾದದ್ದನ್ನು ಬುಡಕ್ಕೇ ಕತ್ತರಿಸುತ್ತೇನೆ,
ಮರುಗುವುದಿಲ್ಲ, ಅದು ಪಕ್ಕದಲ್ಲೇ ಮತ್ತೆ ಬರುತ್ತದೆ.
ಡಿಸೆಂಬರಿನಲ್ಲಿ ಏಸಿ ನಿಂತಾಗ
ಬೆಳಗಿನ ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟು,
ಔಷಧಿಯ ವಾಸನೆ ಹೋದ ಮೇಲೆ ಹಾಕುತ್ತೇನೆ.
ಅಕ್ಕಿ ತೊಳೆದ ನೀರು ಒಮ್ಮೆ ಹಾಕಿದೆ. ಒಂದು ಮೀನು ಸತ್ತಿತು.
ಅದನ್ನು ಯಾರಿಗೂ ಹೇಳಿಲ್ಲ.

ಈ ಮಾರ್ಚಿನಲ್ಲಿ ಮಾಂಕಡ್ ಬಾಯಿ
ಪ್ಲಂಬರನ ಕರೆಸಿ ಹೊಸ ಪೈಪು ಹಾಕಿಸಿದಳು,
ನೀರು ಗೋಡೆಗುಂಟ ಇಳಿದು ನೇರ ಗಟಾರಕ್ಕೆ.
ನನ್ನ ಅರ್ಜಿಗೆ ಕೊನೆಗೂ ಉತ್ತರ.
ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ,
ಎಣಿಸುವವರು ಎದ್ದುಹೋದ ಕೋಣೆಯಲ್ಲಿ.

ಐದನೇ ದಿನ ಒಂದು ಮರಿಯನ್ನು ಬಾಟಲಿಯಲ್ಲಿಟ್ಟುಕೊಂಡು
ಮೆಟ್ಟಿಲು ಹತ್ತಿದೆ.
ಬಾಗಿಲು ಸರಪಳಿಯಷ್ಟೇ ತೆರೆಯಿತು.
ಸಂದಿಯಲ್ಲಿ ಅರ್ಧ ಮುಖ, ಒಂದು ಕಣ್ಣು, ಜಗಳಕ್ಕೆ ತಯಾರು:
ಈಗೇನಾಯ್ತು? ಪೈಪು ಹಾಕಿಸಿಯಾಯ್ತಲ್ಲ?

ಅದೇ, ಅಂದೆ. ಅದನ್ನು ತೆಗೆಸಬಹುದಾ ಎಂದು ಕೇಳಲು ಬಂದೆ.

ಬಾಟಲಿ ಮುಂದೆ ಹಿಡಿದೆ.
ಕೊಡೆ ಆ ಸಂದಿಯಲ್ಲಿ ಹಿಡಿಸಲಿಲ್ಲ.